ಪಾವಗಡದ ಬಿಸಿಲು ಸಂಜೆಗೂ ಬೇಕು

ಮಳೆ ಕಡಿಮೆ, ಕೊಳವೆಬಾವಿಯಲ್ಲಿ ಸಿಕ್ಕ ನೀರಿಗೂ ಫ್ಲೋರೈಡ್ ಕಾಟ. ತುಮಕೂರು ಜಿಲ್ಲೆಯ ಪಾವಗಡ ಬಹುಕಾಲ ಸುದ್ದಿಯಾದದ್ದು ಇದಕ್ಕೇ. ಆ ಸೀಮೆಗೆ ಧಾರಾಳವಾಗಿ ಸಿಕ್ಕಿದ್ದು ಬಿಸಿಲೊಂದೇ. ತಿರುಮಣಿ, ವಳ್ಳೂರು ಮುಂತಾದ 5 ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಸೌರ ಫಲಕಗಳು ಹಾಸಿಕೊಂಡಿವೆ. 2019ರ ಕೊನೆಗೆ ಪೂರ್ಣಗೊಂಡ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್.

ಜಮೀನನ್ನು ಇಲ್ಲಿ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಪಹಣಿ ರೈತರ ಹೆಸರಿನಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಫಲಕದಷ್ಟೇ ದೊಡ್ಡ ಹೊಸತನ ಈ ಕರಾರು. ಆದರೆ ಪಹಣಿಯೇ ಇಲ್ಲದ ಕೂಲಿಕಾರರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಹೊಲ ಹೋದಾಗ ಅವರ ಕೂಲಿಯೂ ಹೋಯಿತು. ಮುಂದೆ ಕಟ್ಟುವ ಪಾರ್ಕುಗಳ ಕರಾರಿನಲ್ಲಿ ಅವರ ಪಾಲನ್ನೂ ಬರೆಯಲೇಬೇಕು.

ಬಿಸಿಲು ಸುಟ್ಟಷ್ಟೂ ಕರೆಂಟು ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಬಿದ್ದ ಬೆಳಕು ಅದರೊಳಗಿನ ಎಲೆಕ್ಟ್ರಾನುಗಳನ್ನು ಬಿಡಿಸಿ ಹರಿಯುವಂತೆ ಮಾಡುತ್ತದೆ. ಫಲಕದ ಕಾವು 25 ಡಿಗ್ರಿ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ.

ಈಗ ರಾಯಚೂರಿನ ಶಕ್ತಿನಗರಕ್ಕೆ ಬನ್ನಿ. ಅಲ್ಲಿನ ಕಲ್ಲಿದ್ದಲು ಸ್ಥಾವರದ್ದು 1,720 ಮೆಗಾವ್ಯಾಟ್. ಅಂಕಿ ನೋಡಿದರೆ ಪಾವಗಡವೇ ದೊಡ್ಡದು. ಆದರೆ ರಾತ್ರಿ, ಮೋಡ, ಇಳಿಬಿಸಿಲು ಎಲ್ಲ ಕಳೆದು ವರ್ಷದ ಸರಾಸರಿ ತೆಗೆದರೆ ಸೌರ ಸ್ಥಾವರ ಕೊಡುವುದು ತನ್ನ ಸಾಮರ್ಥ್ಯದ ನಾಲ್ಕನೇ ಒಂದು ಭಾಗವನ್ನೋ, ಅದಕ್ಕಿಂತ ತುಸು ಕಡಿಮೆಯನ್ನೋ. ಸಂಜೆ ಏಳಕ್ಕೆ ಮನೆಮನೆಯಲ್ಲಿ ದೀಪ, ಫ್ಯಾನು, ಟಿವಿ ಶುರುವಾಗುವಾಗ ಪಾವಗಡ ಮಲಗಿರುತ್ತದೆ. ಆಗ ಮತ್ತೆ ಕಲ್ಲಿದ್ದಲೇ ಗತಿ. ಅದರ ಒಂದೊಂದು ಯೂನಿಟ್ಟಿಗೂ ಹತ್ತಿರಹತ್ತಿರ 1 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಇಂದಿನ ಎಂಜಿನಿಯರುಗಳ ಮುಂದಿರುವ ದೊಡ್ಡ ಸವಾಲು ಈ ಸಂಜೆಯೇ.

ಬ್ಯಾಟರಿ ಒಂದು ದಾರಿ. ಹಗಲಿನ ಹೆಚ್ಚುವರಿ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಸಂಜೆ ಟರ್ಬೈನಿನ ಮೇಲೆ ಇಳಿಸುವುದು ಇನ್ನೊಂದು. ಎತ್ತಲು ಬೇಕಾದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ವಾಪಸ್ಸು ಸಿಗುತ್ತದೆ. ಶರಾವತಿ ಕಣಿವೆಯಲ್ಲಿ ಇಂಥದ್ದೇ 2,000 ಮೆಗಾವ್ಯಾಟ್ ಯೋಜನೆಯ ಪ್ರಸ್ತಾವವಿದೆ. ಆದರೆ ಅದು ಸಿಂಗಳೀಕಗಳ ಕಾಡು. ಇಂಗಾಲವನ್ನು ಹೀರುವ ಕಾಡನ್ನೇ ಕಡಿದು ಇಂಗಾಲ ತಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ.

ಅದಕ್ಕೆ ಮೊದಲು ಮಾಡಬಹುದಾದ ಅಗ್ಗದ ಕೆಲಸವೊಂದಿದೆ: ಕರೆಂಟು ಬಳಸುವ ಹೊತ್ತನ್ನು ಬಿಸಿಲಿನ ಹೊತ್ತಿಗೆ ತರುವುದು. ರಾಜ್ಯದ ಲಕ್ಷಾಂತರ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ತ್ರೀಫೇಸ್ ಕೊಟ್ಟರೆ ಸೌರ ವಿದ್ಯುತ್ತು ನೇರವಾಗಿ ಗದ್ದೆಗೆ ಹರಿಯುತ್ತದೆ. ನಡುರಾತ್ರಿ ಹಾವು ಚೇಳಿನ ನಡುವೆ ಮೋಟಾರು ಹಾಕಲು ಓಡುವ ರೈತನ ಪಾಡೂ ತಪ್ಪುತ್ತದೆ. ನಿಮ್ಮ ಮನೆಯ ಮೇಲಿನ ಟ್ಯಾಂಕು ಕೂಡ ಹಗಲಿನ ಕರೆಂಟನ್ನು ರಾತ್ರಿಗೆ ಉಳಿಸುವ ಪುಟ್ಟ ಜಲಾಶಯವೇ. ಸಂಪಿನ ಮೋಟಾರನ್ನು ಇನ್ನು ಮುಂದೆ ನಡುಹಗಲಲ್ಲೇ ಹಾಕಿ.