ಪೆಟ್ಟಿಗೆಯೂ ಕ್ಯಾಮೆರಾದ ಭಾಗವೇ

ಹಳೆಯ ಕ್ಯಾಮೆರಾ ಸಂಗ್ರಹಿಸುವ ಎಷ್ಟೋ ಜನ ಯಂತ್ರವನ್ನು ಜೋಪಾನ ಮಾಡಿ, ಅದು ಬಂದ ಪೆಟ್ಟಿಗೆಯನ್ನು ಮೂಲೆಗೆಸೆಯುತ್ತಾರೆ. ವಾಲ್ಟರ್ ಡೋರ್ವಿನ್ ಟೀಗ್ ಅಮೆರಿಕದ ಕೊಡಾಕ್ ಕಂಪನಿಗೆ ರೂಪಿಸಿದ ಕ್ಯಾಮೆರಾಗಳ ಮಟ್ಟಿಗಂತೂ ಇದು ಅರ್ಧ ಕೃತಿಯನ್ನು ಹರಿದು ಹಾಕಿದಂತೆ. ಕೈಗಾರಿಕಾ ವಿನ್ಯಾಸ ಎಂಬ ವೃತ್ತಿಗೆ ತಳಪಾಯ ಹಾಕಿದವರಲ್ಲೊಬ್ಬರಾದ ಟೀಗ್ ಮೊದಲು ಹೆಸರು ಮಾಡಿದ್ದು ಜಾಹೀರಾತುಗಳ ಸುತ್ತ ಬರೆಯುತ್ತಿದ್ದ ಅಲಂಕಾರದ ಅಂಚುಗಳಿಂದ. ವಸ್ತುವನ್ನು ಸುತ್ತುವರಿದದ್ದೂ ಕಣ್ಣಿಗೆ ಬೀಳುತ್ತದೆ ಎಂಬುದು ಅವರಿಗೆ ಕಸುಬೇ ಕಲಿಸಿದ ಪಾಠ. 1930ರ ಗಿಫ್ಟ್ ಕೊಡಾಕ್ ನೋಡಿ. ಒಳಗಿನ ಯಂತ್ರ ಹೊಸದಲ್ಲ, ಆಗಲೇ ಮಾರಾಟದಲ್ಲಿದ್ದ ಮಡಚುವ ಪಾಕೆಟ್ ಕೊಡಾಕೇ. ಹೊಸದು ಅದರ ಉಡುಗೆ: ಕಂದು ಚರ್ಮ, ಮುಂಭಾಗದಲ್ಲಿ ಕಂದು, ಕೆಂಪು ಎನಾಮೆಲ್ ತುಂಬಿದ ಹೊಳೆಯುವ ತಗಡು, ಅದರ ಮೇಲೆ ಆರ್ಟ್ ಡೆಕೊ ಶೈಲಿಯ ಜ್ಯಾಮಿತಿ. ಕ್ಯಾಮೆರಾ ಇಟ್ಟು ಕೊಡುತ್ತಿದ್ದ ಸೀಡರ್ ಮರದ ಪೆಟ್ಟಿಗೆಯ ಮುಚ್ಚಳದಲ್ಲೂ ಅದೇ ವಿನ್ಯಾಸ ಕೂರಿಸಲಾಗಿತ್ತು. ಪೆಟ್ಟಿಗೆ ಕಳೆದುಹೋದರೆ ಉಳಿಯುವುದು ಚೆಂದದ ಕ್ಯಾಮೆರಾ ಮಾತ್ರ; ಅದು ಉಡುಗೊರೆಯೆಂದೇ ಹುಟ್ಟಿದ್ದು ಎಂಬ ಸಾಕ್ಷಿ ಹೋಗಿಬಿಡುತ್ತದೆ.

ಇದೆಲ್ಲ ಮಾರಾಟದ ತಂತ್ರ, ಇದರಲ್ಲಿ ಕಾಪಾಡುವಂಥದ್ದೇನಿದೆ ಎನ್ನಬಹುದು. ತಂತ್ರ ಹೌದು, ಅದಕ್ಕೇ ಕಾಪಾಡಬೇಕು. 1928ರ ವ್ಯಾನಿಟಿ ಕೊಡಾಕ್ ಹೆಂಗಸರನ್ನು ಉದ್ದೇಶಿಸಿ ಐದು ಬಣ್ಣಗಳಲ್ಲಿ ಬಂತು, ಪ್ರತಿ ಬಣ್ಣಕ್ಕೂ ಒಂದೊಂದು ಹಕ್ಕಿಯ ಹೆಸರು. ಅದರ ಬಣ್ಣದ ಬೆಲ್ಲೋಸ್ (ಲೆನ್ಸಿನ ಹಿಂದಿನ ಮಡಿಕೆಯ ತಿದಿ) ಬೇಗ ಹಾಳಾಗುತ್ತಿತ್ತು. ಆ ಜಾಗಕ್ಕೆ ಕಪ್ಪು ಬೆಲ್ಲೋಸ್ ಹಾಕಿಸಿದ ಕ್ಯಾಮೆರಾಗಳು ಇಂದು ಧಾರಾಳವಾಗಿ ಸಿಗುತ್ತವೆ. ಹೊರಗಿನ ಚರ್ಮವೂ ಮಾಸಿದ್ದರೆ, ಜೊತೆಗೆ ಬಂದ ಕೇಸಿನೊಳಗಿನ ಸ್ಯಾಟಿನ್ ಬಟ್ಟೆಯೇ ಮೂಲ ಬಣ್ಣದ ಸುಳಿವು ಕೊಡಬಲ್ಲದು. ಮೂವತ್ತರ ದಶಕದ ಹೊಸ್ತಿಲಲ್ಲಿ ಕಂಪನಿಯೊಂದು ಹೆಂಗಸರ ಇಷ್ಟವನ್ನು ಹೇಗೆ ಊಹಿಸಿತ್ತು ಎಂಬುದನ್ನು ಲೆನ್ಸ್ ಹೇಳುವುದಿಲ್ಲ.

ಖಾಲಿ ರಟ್ಟಿನ ಡಬ್ಬಿಗೆ ದುಬಾರಿ ಬೆಲೆ ತೆರುವುದು ಹುಚ್ಚು ಎಂಬ ಆಕ್ಷೇಪದಲ್ಲಿ ಹುರುಳಿದೆ. ಬೆಲೆ ಏರಿದಷ್ಟೂ ಒಂದರ ಡಬ್ಬಿಗೆ ಇನ್ನೊಂದರ ಕ್ಯಾಮೆರಾ ತುರುಕಿ ಮಾರುವ ಆಸೆಯೂ ಏರುತ್ತದೆ. ಟೀಗ್ ಅವರದೇ ವಿನ್ಯಾಸದ ಕೊಡಾಕ್ ಬೋ ಬ್ರೌನಿಯಂತೆ ಐದು ಬಣ್ಣಗಳಲ್ಲಿ, ಎರಡು ಅಳತೆಗಳಲ್ಲಿ ಬಂದ ಕ್ಯಾಮೆರಾದಲ್ಲಿ ಈ ಅಪಾಯ ಹೆಚ್ಚು. ಆದರೆ ಇದು ಕೊಳ್ಳುವವರು ಎಚ್ಚರ ವಹಿಸಬೇಕಾದ ಮಾತು, ಡಬ್ಬಿಯನ್ನು ಎಸೆಯಲು ಕಾರಣವಲ್ಲ. ಡಬ್ಬಿಯ ಮೇಲಿನ ಮಾದರಿಯ ಹೆಸರು, ಅಳತೆ ಕ್ಯಾಮೆರಾಕ್ಕೆ ತಾಳೆಯಾಗುತ್ತವೆಯೇ ನೋಡಬೇಕು. ಉಳಿಸಿಕೊಂಡ ಡಬ್ಬಿಗೆ ಆರೈಕೆಯೂ ಬೇಕು: ಆಮ್ಲದ ಅಂಶವಿರುವ ಹಳೆಯ ರಟ್ಟು ತಾನಾಗಿಯೇ ಹಳದಿಗಟ್ಟಿ ಪುಡಿಯಾಗುತ್ತದೆ. ಬಿಸಿಲು, ತೇವದಿಂದ ದೂರವಿಟ್ಟು, ಆಮ್ಲರಹಿತ ಕಾಗದದಲ್ಲಿ ಸುತ್ತಿಟ್ಟರೆ ಬಾಳಿಕೆ ಬರುತ್ತದೆ. ಹರಿದ ಅಂಚಿಗೆ ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ, ಅದರ ಅಂಟಿನ ಕಲೆ ಮತ್ತೆ ಹೋಗುವುದಿಲ್ಲ.