ಕಲಹರಿಯ ಮಳೆಗಾಲ: ಹುಲ್ಲಾಗಿ ನಿಲ್ಲುವ ನೀರು

ಬೋಟ್ಸ್‌ವಾನಾ ದೇಶದ ನಟ್ಟನಡುವೆ ಒಂದು ಕಣಿವೆಯಿದೆ. ಹೆಸರು ಡಿಸೆಪ್ಷನ್ ವ್ಯಾಲಿ, ಅಂದರೆ ಮೋಸದ ಕಣಿವೆ. ಸಾವಿರಾರು ವರ್ಷಗಳ ಹಿಂದೆಯೇ ಬತ್ತಿಹೋದ ನದಿಯ ಪಾತ್ರ ಅದು. ಅದರಲ್ಲಿ ಅಲ್ಲಲ್ಲಿ ತಟ್ಟೆಯಂತೆ ಮಟ್ಟಸವಾದ ಬೂದು ಬಣ್ಣದ ಜೇಡಿನೆಲ ಸಿಗುತ್ತದೆ. ಇಂಥ ನೆಲಕ್ಕೆ ಅಲ್ಲಿಯವರು ಪ್ಯಾನ್ ಎನ್ನುತ್ತಾರೆ. ದೂರದಿಂದ ನೋಡಿದರೆ ಕೆರೆ ತುಂಬಿ ನಿಂತಂತೆ ಕಾಣುತ್ತದೆ, ಹತ್ತಿರ ಹೋದರೆ ಬಿರುಕುಬಿಟ್ಟ ಮಣ್ಣು. ಕಣಿವೆಗೆ ಆ ಹೆಸರು ಬಂದದ್ದೇ ಹೀಗೆ.

ಈ ಕಣಿವೆ ಇರುವುದು ಸೆಂಟ್ರಲ್ ಕಲಹರಿ ಗೇಮ್ ರಿಸರ್ವ್ ಎಂಬ ವನ್ಯಧಾಮದಲ್ಲಿ. ವಿಸ್ತಾರ ಸುಮಾರು 52,800 ಚದರ ಕಿ.ಮೀ. ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು, ಇಡೀ ಕೇರಳಕ್ಕಿಂತ ದೊಡ್ಡದು. ಬಂಡೀಪುರ, ನಾಗರಹೊಳೆಗಳಲ್ಲಿ ಇಲಾಖೆಯ ಜೀಪು ಹತ್ತಿ ಕೂತರೆ ನಮ್ಮ ಸಫಾರಿ ಮುಗಿಯಿತು. ಇಲ್ಲಿ ಗಾಡಿ ನೀವೇ ಓಡಿಸಬಹುದು, ಬೇಲಿಯಿಲ್ಲದ ಬಯಲಲ್ಲಿ ಟೆಂಟು ಹಾಕಿ ಮಲಗಬಹುದು. ಅದಕ್ಕೆ ಒಳ್ಳೆಯ ಕಾಲ ಮಳೆಗಾಲ ಎಂದರೆ ಬಹಳ ಮಂದಿ ನಂಬುವುದಿಲ್ಲ. ಮರುಭೂಮಿ, ಮಳೆ, ಪ್ರಾಣಿ ಈ ಮೂರರ ಬಗ್ಗೆಯೂ ನಮ್ಮ ತಲೆಯಲ್ಲಿ ಬೇರೆಯದೇ ಚಿತ್ರವಿದೆ. ಒಂದೊಂದನ್ನಾಗಿ ನೋಡೋಣ.

ತಪ್ಪು ಕಲ್ಪನೆ 1: ಮರುಭೂಮಿ ಎಂದ ಮೇಲೆ ಮಳೆ ಎಲ್ಲಿಯದು? ಅಲ್ಲಿರುವುದು ಮರಳ ದಿಬ್ಬ ಮಾತ್ರ.

ಸತ್ಯ: ಕಲಹರಿಯಲ್ಲಿ ಮರಳಿಗೇನೂ ಬರವಿಲ್ಲ, ಆದರೆ ಆ ಮರಳಿನ ಮೇಲೆ ಹುಲ್ಲಿದೆ, ಮುಳ್ಳುಜಾಲಿಯ ಬಳಗದ ಮರಗಳಿವೆ, ಕುರುಚಲು ಪೊದೆಗಳಿವೆ. ಭೂಗೋಳದ ಲೆಕ್ಕದಲ್ಲಿ ಇದರ ಬಹುಭಾಗ ಅರೆ ಮರುಭೂಮಿ. ಒಣಗಿದ ನೈಋತ್ಯ ಮೂಲೆಯನ್ನು ಬಿಟ್ಟು ಉತ್ತರಕ್ಕೆ ಬಂದಂತೆ ಮಳೆ ಹೆಚ್ಚುತ್ತದೆ. ಒಳ್ಳೆಯ ವರ್ಷದಲ್ಲಿ ಉತ್ತರದ ಭಾಗ ಕಾಣುವ ಮಳೆ ನಮ್ಮ ಚಳ್ಳಕೆರೆ, ಪಾವಗಡದ ಕಡೆಯವರಿಗೆ ತೀರ ಕಡಿಮೆ ಎನಿಸಲಾರದು.

ಹಾಗಿದ್ದರೆ ಮರುಭೂಮಿ ಎಂಬ ಹೆಸರೇಕೆ? ಬಿದ್ದ ನೀರನ್ನು ಆಳವಾದ ಮರಳು ಕ್ಷಣದಲ್ಲಿ ಹೀರಿಬಿಡುತ್ತದೆ. ಹೊಳೆ ಹರಿಯುವುದಿಲ್ಲ, ಕೆರೆ ತುಂಬುವುದಿಲ್ಲ. ಮಳೆ ಬಾರದ ನಾಡು ಎನ್ನುವುದಕ್ಕಿಂತ ನೀರು ನಿಲ್ಲದ ನಾಡು ಎನ್ನುವುದೇ ಸರಿ. ಮಣ್ಣಿಗಿಳಿದ ಆ ನೀರು ಹುಲ್ಲಾಗಿ, ಕಾಯಾಗಿ, ಗೆಡ್ಡೆಯಾಗಿ ಮೇಲೆ ಬರುತ್ತದೆ. ಇದೊಂದು ತಿಳಿದರೆ ಮುಂದಿನ ಗೊಂದಲಗಳು ಮುಕ್ಕಾಲು ಪಾಲು ಕಳೆದವೆಂದೇ ಲೆಕ್ಕ.

ತಪ್ಪು ಕಲ್ಪನೆ 2: ಮಳೆಗಾಲ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಇದ್ದಷ್ಟು ದಿನವೂ ಟೆಂಟಿನೊಳಗೆ ಮುದುಡಿ ಕೂರಬೇಕಾಗುತ್ತದೆ.

ಸತ್ಯ: ಭೂಮಧ್ಯರೇಖೆಯ ಆಚೆ ಕಾಲ ತಿರುವುಮುರುವು. ಜೂನ್, ಜುಲೈ ಅಲ್ಲಿ ಕಡು ಚಳಿಗಾಲ. ಹಗಲು ಹಿತವಾದ ಬಿಸಿಲಿದ್ದರೂ ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯುವುದುಂಟು. ಮಳೆಗೆಂದು ರೇನ್‌ಕೋಟ್ ಹಿಡಿದು ಹೋದವರು ಹಲ್ಲು ಕಟಕಟಿಸಿ ಬರಬೇಕಾದೀತು. ಮಳೆ ಬೀಳುವುದು ನವೆಂಬರ್ ಹೊತ್ತಿಗೆ ಶುರುವಾಗಿ ಏಪ್ರಿಲ್‌ವರೆಗೆ. ಜನವರಿಯಿಂದ ಮಾರ್ಚ್ ಅದರ ಹದವಾದ ಕಾಲ.

ಆಗುಂಬೆಯ ಜಡಿಮಳೆಯನ್ನು ಇಲ್ಲಿ ನೆನೆಯಬೇಡಿ. ಬೆಳಗ್ಗೆ ನಿಚ್ಚಳ ಆಕಾಶ, ಮಧ್ಯಾಹ್ನ ಹೊತ್ತೇರಿದಂತೆ ಮೋಡ ಗೋಪುರ ಕಟ್ಟುತ್ತದೆ, ಸಂಜೆಗೆ ಗುಡುಗು ಸಿಡಿಲಿನೊಂದಿಗೆ ಒಂದು ಹೊಡೆತ ಹೊಡೆದು ನಿಲ್ಲುತ್ತದೆ. ಅದೂ ಎಲ್ಲ ಕಡೆ ಬೀಳುವುದಿಲ್ಲ. ಹೊಲದ ಈ ಬದು ನೆನೆದು ಆ ಬದು ಒಣಗಿಯೇ ಇರುವ ಮಳೆ ಬಯಲುಸೀಮೆಯವರಿಗೆ ಹೊಸದೇ? ಕಲಹರಿಯ ಮಳೆ ಆ ಜಾತಿಯದು.

ತಪ್ಪು ಕಲ್ಪನೆ 3: ಮಳೆಗಾಲದಲ್ಲಿ ಪ್ರಾಣಿಗಳು ಚದುರಿಹೋಗುತ್ತವೆ. ನೋಡಲು ಬೇಸಿಗೆಯೇ ಸರಿ.

ಸತ್ಯ: ಈ ನಂಬಿಕೆ ಸುಳ್ಳಲ್ಲ, ಇಲ್ಲಿಗೆ ಹೊಂದುವುದಿಲ್ಲ ಅಷ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಡಿನೊಳಗಿನ ಹಳ್ಳಗಳು ಬತ್ತಿದಾಗ ಕಬಿನಿ ಹಿನ್ನೀರಿಗೆ ಆನೆಗಳ ಹಿಂಡು ಇಳಿಯುವುದನ್ನು ನಾವು ಕಂಡಿದ್ದೇವೆ. ಬೋಟ್ಸ್‌ವಾನಾದ ಉತ್ತರದಲ್ಲಿ ಚೋಬೆ ನದಿಯ ದಂಡೆಯಲ್ಲೂ ಒಣಗಾಲದಲ್ಲಿ ನಡೆಯುವುದು ಇದೇ. ನೀರು ಎಲ್ಲಿದೆಯೋ ಪ್ರಾಣಿ ಅಲ್ಲಿ.

ಕಲಹರಿಯ ನಡುವೆ ಹಾಗೆ ಹೋಗಿ ಸೇರಲು ಅಂಥ ನದಿಯೇ ಇಲ್ಲ. ಹಾಗಾಗಿ ಒಣಗಾಲದಲ್ಲಿ ಪ್ರಾಣಿಗಳು ವಿಶಾಲವಾದ ಕುರುಚಲು ಬಯಲಿನಲ್ಲಿ ಹಂಚಿಹೋಗುತ್ತವೆ. ಮಳೆ ಬಿದ್ದ ಮೇಲೆ ಚಿತ್ರ ಬದಲು. ಸುತ್ತಲಿನ ಮರಳು ನೀರನ್ನು ಆಳಕ್ಕೆ ಬಿಟ್ಟುಕೊಡುತ್ತದೆ, ಹಳೆಯ ನದಿಪಾತ್ರದ ಮತ್ತು ಪ್ಯಾನ್‌ಗಳ ಜೇಡಿ ಬೆರೆತ ಮಣ್ಣು ತೇವವನ್ನು ಮೇಲೆಯೇ ಹಿಡಿದುಕೊಳ್ಳುತ್ತದೆ. ಖನಿಜಾಂಶವೂ ಅಲ್ಲೇ ಹೆಚ್ಚು. ಅಲ್ಲಿ ಚಿಗುರುವ ಗಿಡ್ಡ ಹುಲ್ಲು ಸತ್ವದ್ದು, ಹಾಲೂಡುವ ತಾಯಿಗಳಿಗೆ ಬೇಕಾದದ್ದು. ಸ್ಪ್ರಿಂಗ್‌ಬಾಕ್ ಜಿಂಕೆಗಳು, ಈಟಿಯಂಥ ನೆಟ್ಟನೆ ಕೊಂಬಿನ ಜೆಮ್ಸ್‌ಬಾಕ್‌ಗಳು ಡಿಸೆಪ್ಷನ್ ವ್ಯಾಲಿ, ಪೈಪರ್ ಪ್ಯಾನ್, ಸಂಡೇ ಪ್ಯಾನ್ ಮುಂತಾದ ಬಯಲುಗಳಿಗೆ ಬಂದು ಸೇರುತ್ತವೆ. ಮರಿಗಳಿದ್ದಲ್ಲಿ ಚೀತಾ, ನರಿ, ಕಪ್ಪು ಕೇಸರದ ಸಿಂಹ ಬಾರದೆ ಇರುತ್ತವೆಯೇ? ಅದೇ ಹುಲ್ಲಿನಲ್ಲಿ ಕೋರಿ ಬಸ್ಟರ್ಡ್ ಎಂಬ ಭಾರಿ ಹಕ್ಕಿ ಗಂಭೀರವಾಗಿ ಹೆಜ್ಜೆ ಹಾಕುತ್ತಿರುತ್ತದೆ. ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ನಮ್ಮ ಎರೆಭೂತ ಹಕ್ಕಿಯ ದಾಯಾದಿ ಅದು.

ಒಂದು ಮಾತು ಮಾತ್ರ ಮುಚ್ಚಿಡಬಾರದು. ಪ್ಯಾನ್‌ಗಳ ಆಚೆ, ದಾರಿಯ ಇಕ್ಕೆಲದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ. ಅಲ್ಲಿ ಸಿಂಹ ಐದು ಮಾರು ದೂರದಲ್ಲಿ ಮಲಗಿದ್ದರೂ ಕಣ್ಣಿಗೆ ಬೀಳದು.

ತಪ್ಪು ಕಲ್ಪನೆ 4: ಕುಡಿಯಲು ನೀರಿಲ್ಲದೆ ಯಾವ ಪ್ರಾಣಿಯೂ ಬದುಕಲಾರದು.

ಸತ್ಯ: ಜೆಮ್ಸ್‌ಬಾಕ್ ಬಾಯಿಟ್ಟು ನೀರು ಕುಡಿಯದೆ ತಿಂಗಳುಗಟ್ಟಲೆ ಇರಬಲ್ಲದು. ಬಿಸಿಲೇರಿದಾಗ ಬೆವರು ಸುರಿಸುವ ಬದಲು ಮೈಬಿಸಿಯನ್ನೇ ಏರಲು ಬಿಡುತ್ತದೆ, ರಾತ್ರಿಯ ತಂಪಿನಲ್ಲಿ ಆ ಬಿಸಿ ಹೊರಬಿಡುತ್ತದೆ. ಒಣಹುಲ್ಲು ಕೂಡ ರಾತ್ರಿ ಗಾಳಿಯ ತೇವ ಹೀರುತ್ತದೆಯಾದ್ದರಿಂದ ಕತ್ತಲಲ್ಲಿ ಮೇಯುವುದು ಅದಕ್ಕೆ ಲಾಭ. ಇವೆಲ್ಲಕ್ಕಿಂತ ದೊಡ್ಡ ಆಸರೆ ತ್ಸಾಮಾ ಎಂಬ ಕಾಯಿ. ನಮ್ಮ ಕಲ್ಲಂಗಡಿಯ ಕಾಡು ಬಂಧು, ತೊಂಬತ್ತು ಪಾಲು ನೀರೇ. ಮಳೆಯಲ್ಲಿ ಹಬ್ಬಿದ ಬಳ್ಳಿ ಒಣಗಿದ ಮೇಲೂ ಕಾಯಿಗಳು ಮರಳ ಮೇಲೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ. ಮಳೆಯನ್ನು ಗಡಿಗೆಯಲ್ಲಿ ತುಂಬಿ ಬಾಯಿ ಕಟ್ಟಿಟ್ಟ ಹಾಗೆ. ಕಂದು ಕತ್ತೆಕಿರುಬವೂ ಅದನ್ನು ಕಚ್ಚಿ ತಿನ್ನುತ್ತದೆ.

1974ರಲ್ಲಿ ಡಿಸೆಪ್ಷನ್ ವ್ಯಾಲಿಗೆ ಬಂದು ಏಳು ವರ್ಷ ಟೆಂಟಿನಲ್ಲಿ ಬದುಕಿದ ಅಮೆರಿಕದ ಮಾರ್ಕ್ ಮತ್ತು ಡೀಲಿಯಾ ಓವೆನ್ಸ್ ದಂಪತಿ, ಇಲ್ಲಿನ ಸಿಂಹಗಳು ಬೇಟೆಯ ಮೈಯೊಳಗಿನ ದ್ರವದಲ್ಲೇ ತಿಂಗಳುಗಟ್ಟಲೆ ಕಾಲ ಕಳೆಯುವುದನ್ನು ದಾಖಲಿಸಿದರು.

ಆದರೆ ಎಲ್ಲ ಪ್ರಾಣಿಗಳಿಗೂ ಈ ವಿದ್ಯೆ ಒಲಿದಿಲ್ಲ. ವೈಲ್ಡ್‌ಬೀಸ್ಟ್‌ಗಳಿಗೆ ಬರಗಾಲದಲ್ಲಿ ನೀರು ಬೇಕೇ ಬೇಕು. ಅವು ಉತ್ತರದ ನೀರಿನ ಕಡೆ ವಲಸೆ ಹೋಗುತ್ತಿದ್ದವು. 1950ರ ದಶಕದಲ್ಲಿ, ಕಾಲುಬಾಯಿ ಜ್ವರ ದನಗಳಿಗೆ ತಗುಲದಿರಲೆಂದು, ಇಂದಿನ ವನ್ಯಧಾಮದ ಉತ್ತರದ ಅಂಚಿಗೆ ಕುಕೆ ಬೇಲಿ ಎಳೆದರು. 1980ರ ದಶಕದ ಬರಗಾಲ ಬಂದಾಗ ಬೇಲಿಗೆ ಅಡ್ಡಸಿಕ್ಕ ಹಿಂಡುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತವು. ಮರುಭೂಮಿಯ ಪ್ರಾಣಿ ಹೇಗೋ ಬದುಕಿಕೊಳ್ಳುತ್ತದೆ ಎಂದು ಕೈಕಟ್ಟಿ ಕೂರುವವರು ಆ ಬೇಲಿಯನ್ನು ನೆನಪಿಡಬೇಕು.

ತಪ್ಪು ಕಲ್ಪನೆ 5: ಮರುಭೂಮಿಯಲ್ಲಿ ಕಪ್ಪೆ ವಟಗುಟ್ಟಿತು ಎಂದರೆ ಯಾರೂ ನಂಬರು.

ಸತ್ಯ: ಮಳೆ ಬಿದ್ದ ರಾತ್ರಿ ಟೆಂಟಿನಲ್ಲಿ ಮಲಗಿದವರಿಗೆ ಅದನ್ನು ನಂಬದೆ ವಿಧಿಯಿಲ್ಲ. ಆಫ್ರಿಕಾದ ದೈತ್ಯ ಬುಲ್‌ಫ್ರಾಗ್ ಒಣಗಾಲವನ್ನೆಲ್ಲ ನೆಲದಡಿ, ತನ್ನದೇ ಚರ್ಮದ ಪದರಗಳಿಂದಾದ ಗೂಡಿನೊಳಗೆ ನಿದ್ದೆಯಲ್ಲಿ ಕಳೆಯುತ್ತದೆ. ಜೋರು ಮಳೆಗೆ ಎದ್ದುಬಂದು, ಪ್ಯಾನ್‌ನಲ್ಲಿ ನಾಲ್ಕು ದಿನ ನಿಂತ ನೀರಿನಲ್ಲೇ ಸಂಸಾರ ಹೂಡುತ್ತದೆ. ಗೊದಮೊಟ್ಟೆಗಳಿರುವ ಗುಂಡಿ ಬತ್ತತೊಡಗಿದರೆ ಗಂಡು ಕಪ್ಪೆ ಕಾಲಿನಿಂದ ಕಾಲುವೆ ತೋಡಿ ಪಕ್ಕದ ನೀರಿಗೆ ದಾರಿ ಮಾಡಿಕೊಡುತ್ತದೆ. ನೀರು ನಿಲ್ಲದ ನಾಡಿನಲ್ಲಿ ಕಪ್ಪೆಯೂ ನೀರುಗಂಟಿಯಾಗಬೇಕು.

ತಪ್ಪು ಕಲ್ಪನೆ 6: ಮಳೆಗಾಲವಲ್ಲವೇ, ನೀರಿಗೇನು ಕೊರತೆ?

ಸತ್ಯ: ಇಲ್ಲಿನ ಕ್ಯಾಂಪ್‌ಸೈಟ್ ಎಂದರೆ ಮರದ ನೆರಳು, ಬೆಂಕಿ ಹಾಕುವ ಜಾಗ, ಗುಂಡಿ ಕಕ್ಕಸು, ಬಕೆಟ್ ತೂಗುಹಾಕಿ ಮೀಯಲು ಒಂದು ಮರೆ. ನಲ್ಲಿ ಇಲ್ಲ, ಅಂಗಡಿ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. ಪೂರ್ವದ ಮಟ್ಸ್‌ವೆರೆ ಗೇಟಿಗೆ ಹತ್ತಿರದ ಊರು ರಾಕೋಪ್ಸ್, ನಡುವೆ ಸುಮಾರು 45 ಕಿ.ಮೀ. ಮರಳು ದಾರಿ. ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ಬೇಕಾದ ನೀರನ್ನೆಲ್ಲ ಕ್ಯಾನ್‌ಗಳಲ್ಲಿ ಹೊತ್ತೇ ಹೋಗಬೇಕು. ಬರೀ ಕುಡಿಯುವುದಕ್ಕೇ ತಲೆಗೆ ದಿನಕ್ಕೆ ಐದು ಲೀಟರ್ ಹಿಡಿಯಿರಿ, ಗಾಡಿ ಕೆಟ್ಟು ಎರಡು ದಿನ ಹೆಚ್ಚು ಕಾಯಬೇಕಾದರೆ ಎಂದು ಅದರ ಮೇಲೊಂದಿಷ್ಟು. ತಂದ ಕಸವನ್ನೂ ವಾಪಸ್ ತರಬೇಕು.

ತಪ್ಪು ಕಲ್ಪನೆ 7: ಒದ್ದೆ ಮರಳಿನಲ್ಲಿ ಗಾಡಿ ಹೂತುಹೋಗುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೆ ಯಾವ ಭಯವೂ ಇಲ್ಲ.

ಸತ್ಯ: ಎರಡೂ ತಲೆಕೆಳಗು. ಚಕ್ರ ಹೂಳುವುದು ಕಾದ, ಒಣ, ಸಡಿಲ ಮರಳು. ಮಳೆ ಬಿದ್ದ ಮರಳು ಗಟ್ಟಿಯಾಗಿ ದಾರಿ ಸಲೀಸಾಗುತ್ತದೆ. ಅಪಾಯವಿರುವುದು ಪ್ಯಾನ್‌ಗಳ ಜೇಡಿನೆಲದಲ್ಲಿ. ಒಂದು ಮಳೆ ಬಿದ್ದ ಎರೆಹೊಲಕ್ಕೆ ಗಾಡಿ ಇಳಿಸಿದರೆ ಏನಾಗುತ್ತದೆಂದು ಗದಗ, ವಿಜಯಪುರದವರಿಗೆ ವಿವರಿಸಬೇಕಾಗಿಲ್ಲ. ಮೇಲೆ ಒಣಗಿದಂತೆ ಕಾಣುವ ಪದರದಡಿ ಅಂಟು ಕೆಸರು ಕಾದಿರುತ್ತದೆ, ನಾಲ್ಕೂ ಚಕ್ರ ತಿರುಗಿದರೆ ನಾಲ್ಕೂ ಹೂಳುತ್ತವೆ. ಟೈರಿನ ಗಾಳಿ ಇಳಿಸುವ ಉಪಾಯ ಮರಳಿಗೆ ಸರಿ, ಈ ಕೆಸರಿಗಲ್ಲ. ಎರಡು ಗಾಡಿಗಳಲ್ಲಿ ಜೊತೆಯಾಗಿ ಹೋಗುವುದೇ ಜಾಣತನ.

ಇನ್ನೊಂದು ಅಪಾಯವನ್ನು ಹೊಸಬರು ಊಹಿಸುವುದೇ ಇಲ್ಲ. ಅದು ಹುಲ್ಲಿನ ಬೀಜ. ದಾರಿಯ ನಡುವೆ ಬೆಳೆದ ಹುಲ್ಲಿನ ಬೀಜಗಳು ರೇಡಿಯೇಟರ್‌ಗೆ ಮೆತ್ತಿಕೊಂಡು ಎಂಜಿನ್ ಕಾಯುತ್ತದೆ. ಗಾಡಿಯ ಅಡಿಯಲ್ಲಿ, ಕಾದ ಸೈಲೆನ್ಸರ್ ಪೈಪಿನ ಸುತ್ತ ಸೇರಿದ ಒಣಹುಲ್ಲು ಹೊತ್ತಿಕೊಂಡರೆ ಗಾಡಿಯೇ ಬೂದಿ. ಮುಂದೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು, ಆಗಾಗ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ ಹುಲ್ಲು ಕಿತ್ತು ತೆಗೆಯಬೇಕು. ಹಾಗೆಂದು ಇಳಿಯುವ ಮುನ್ನ ಸುತ್ತ ಒಮ್ಮೆ ಕಣ್ಣಾಡಿಸುವುದನ್ನು ಮರೆಯಬಾರದು.

ತಪ್ಪು ಕಲ್ಪನೆ 8: ಬೆಂಕಿ ಉರಿಯುತ್ತಿದ್ದರೆ ಸಿಂಹ ಹತ್ತಿರ ಸುಳಿಯುವುದಿಲ್ಲ.

ಸತ್ಯ: ಬೆಂಕಿಗೆ ಹೆದರಿ ಓಡುತ್ತವೆಂದು ಕಾಡುಪ್ರಾಣಿಗಳು ಯಾರಿಗೂ ಮಾತು ಕೊಟ್ಟಿಲ್ಲ. ಬೆಳಕಿನಂಚಿಗೆ ಬಂದು ಕುತೂಹಲದಿಂದ ನೋಡಿಹೋಗುವ ಸಿಂಹಗಳುಂಟು. ಕಾಪಾಡುವುದು ಶಿಸ್ತು. ಟೆಂಟಿನ ಜಿಪ್ ಪೂರ್ತಿ ಎಳೆದು ಮಲಗಿ, ಸೆಕೆಯೆಂದು ಬಾಗಿಲು ತೆರೆದಿಡಬೇಡಿ. ಕತ್ತಲಾದ ಮೇಲೆ ಅಲೆದಾಡುವುದು ಬೇಡ, ಮಕ್ಕಳನ್ನು ಒಂಟಿಯಾಗಿ ಬಿಡುವುದಂತೂ ಬೇಡವೇ ಬೇಡ. ಊಟದ ಡಬ್ಬಿ ಮಾತ್ರವಲ್ಲ, ಚಪ್ಪಲಿಯೂ ಗಾಡಿಯೊಳಗೇ ಇರಲಿ. ಕತ್ತೆಕಿರುಬ, ನರಿಗಳಿಗೆ ತೊಗಲಿನ ಬೂಟೂ ರುಚಿಯೇ. ಹೊರಗುಳಿದ ಬೂಟನ್ನು ಬೆಳಗ್ಗೆ ಕೊಡವಿ ಹಾಕಿಕೊಳ್ಳಿ. ಚೇಳಿನ ಕೊಂಡಿ ನೋಡಿ ಹೆದರುವವರು ಇದನ್ನು ತಿಳಿದಿರಲಿ: ಇಲ್ಲಿ ಹೆಚ್ಚು ವಿಷದವು ದಪ್ಪ ಬಾಲದ, ಸಣಕಲು ಇಕ್ಕಳದ ಚೇಳುಗಳು.

ಗುಡುಗು ಶುರುವಾದರೆ ಒಂಟಿ ಮರದಡಿ ನಿಲ್ಲಬಾರದೆಂಬ ಊರಿನ ಬುದ್ಧಿಮಾತು ಇಲ್ಲೂ ಸಲ್ಲುತ್ತದೆ. ಕಿಟಕಿ ಮುಚ್ಚಿದ ಗಾಡಿಯೇ ಸುರಕ್ಷಿತ. ಮೌನ್ ಪಟ್ಟಣದ ಮೂಲಕ ಬರುವವರು ಮಲೇರಿಯಾದ ಬಗ್ಗೆ ಮೊದಲೇ ವೈದ್ಯರ ಸಲಹೆ ಪಡೆಯಿರಿ. ದೇಶದ ಉತ್ತರದಲ್ಲಿ ಮಳೆಗಾಲವೇ ಅದರ ಕಾಲ.

ತಪ್ಪು ಕಲ್ಪನೆ 9: ಅದು ಮನುಷ್ಯರಿಲ್ಲದ ಕಾಡು. ಇದ್ದರೂ ಸಿನಿಮಾದಲ್ಲಿ ಕಂಡ ಮುಗ್ಧ ಬುಷ್‌ಮನ್‌ಗಳು.

ಸತ್ಯ: 1980ರ 'ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ' ಚಿತ್ರ ನೋಡಿ ನಕ್ಕವರು ನಮ್ಮಲ್ಲೂ ಕಡಿಮೆಯಿಲ್ಲ. ಹೊರಜಗತ್ತನ್ನೇ ಕಾಣದ ಜನ ಎಂಬುದು ಆ ಚಿತ್ರ ಕಟ್ಟಿದ ಕತೆ. 1961ರಲ್ಲಿ, ಬ್ರಿಟಿಷರ ಕಾಲದಲ್ಲಿ, ಈ ವನ್ಯಧಾಮ ಘೋಷಣೆಯಾಗುವುದಕ್ಕೆ ಅಧಿಕಾರಿ ಜಾರ್ಜ್ ಸಿಲ್ಬರ್‌ಬಾವರ್ ಅವರ ಶಿಫಾರಸು ಕಾರಣ. ಪ್ರಾಣಿಗಳ ಜೊತೆಗೆ ಅಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಸಾನ್ ಜನರ, ಅಂದರೆ ಬುಷ್‌ಮನ್‌ಗಳೆಂದು ಕರೆಸಿಕೊಂಡವರ ನೆಲೆಯನ್ನೂ ಉಳಿಸುವುದು ಅದರ ಉದ್ದೇಶವಾಗಿತ್ತು. ಮುಂದೆ 1997 ಮತ್ತು 2002ರಲ್ಲಿ ಸರ್ಕಾರ ಅವರನ್ನು ಹೊರಗಿನ ಪುನರ್ವಸತಿ ಊರುಗಳಿಗೆ ಸಾಗಿಸಿತು. ಜನ ಕೋರ್ಟಿಗೆ ಹೋದರು. 2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅವರ ಪರ ತೀರ್ಪಿತ್ತಿತು. ಹಿಂತಿರುಗಿದವರಿಗೆ ಕೊಳವೆಬಾವಿಯ ನೀರಿನ ಹಕ್ಕು ಸಿಗಲು 2011ರಲ್ಲಿ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಬೇಕಾಯಿತು. ನಾಗರಹೊಳೆಯ ಜೇನುಕುರುಬರ, ಬಿಳಿಗಿರಿಯ ಸೋಲಿಗರ ಪಾಡು ಬಲ್ಲವರಿಗೆ ಈ ಕತೆ ದೂರದ್ದಲ್ಲ. ಪ್ರವಾಸಿಗೆ ಖಾಲಿ ಬಯಲಾಗಿ ಕಂಡದ್ದು ಅವರಿಗೆ ಯಾವ ಬಳ್ಳಿಯಡಿ ಗೆಡ್ಡೆ, ಯಾವ ದಿಕ್ಕಿಗೆ ತ್ಸಾಮಾ ಎಂದು ಗುರುತಿರುವ ಮನೆ.

ಬೋಟ್ಸ್‌ವಾನಾದ ನಾಣ್ಯದ ಹೆಸರು ಪುಲಾ. ಸೆಟ್ಸ್ವಾನಾ ಭಾಷೆಯಲ್ಲಿ ಪುಲಾ ಎಂದರೆ ಮಳೆ. ರಾಷ್ಟ್ರಲಾಂಛನದಲ್ಲಿ ಬರೆದಿರುವುದೂ ಅದೊಂದೇ ಪದ. ಮಳೆಯನ್ನೇ ಹಣವೆಂದು ಎಣಿಸುವ ನಾಡಿನಲ್ಲಿ ಪ್ರವಾಸಿ ಮಳೆಗೆ ಮುಖ ಸಿಂಡರಿಸಬಾರದು.

ಇನ್ನು ಆ ಮೋಸದ ಕಣಿವೆ. ಮಳೆ ಕೈಹಿಡಿದ ವರ್ಷ, ಒಂದೆರಡು ಸಂಜೆ ಜೋರಾಗಿ ಸುರಿದ ಮೇಲೆ, ಪ್ಯಾನ್‌ನಲ್ಲಿ ನಿಜವಾಗಿಯೂ ನೀರು ನಿಲ್ಲುತ್ತದೆ. ದೂರದಿಂದ ಕೆರೆಯಂತೆ ಕಂಡದ್ದು ಹತ್ತಿರ ಹೋದರೂ ಕೆರೆಯೇ ಆಗಿರುತ್ತದೆ. ಆಗ ಗಾಡಿಯನ್ನು ದಂಡೆಯ ಮರಳಿನ ಮೇಲೆಯೇ ನಿಲ್ಲಿಸಿ ನೋಡಿ. ಕೆಲವೇ ದಿನಗಳಲ್ಲಿ ನೀರು ಹೋಗುತ್ತದೆ, ಅದೇ ಜಾಗದಲ್ಲಿ ಹುಲ್ಲು ಏಳುತ್ತದೆ.