ಒಂದೇ ಓಟಿನಲ್ಲಿ ಉಳಿದ ಹಕ್ಕು

“ನನ್ನ ಒಂದು ಓಟಿನಿಂದ ಏನು ಮಹಾ ಆಗುತ್ತೆ?” ಚುನಾವಣೆಯ ದಿನ ಒಲೆ ಮುಂದೆ ನಿಂತು ಹೀಗೆ ಅನ್ನದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ನಾನೂ ಅಂದವಳೇ. ಆದರೆ ಅಮೆರಿಕದ ವಯೋಮಿಂಗ್ ಹೆಂಗಸರ ಕಥೆ ಓದಿದ ಮೇಲೆ ಆ ಮಾತು ನನ್ನ ಬಾಯಿಗೆ ಬಂದಿಲ್ಲ. ನೀವೂ ಕೇಳಿ.

ಆಗ ವಯೋಮಿಂಗ್ ಇನ್ನೂ ರಾಜ್ಯವಾಗಿರಲಿಲ್ಲ. ಹೊಸದಾಗಿ ರೈಲು ಬಂದಿದ್ದ, ಚಿನ್ನದ ಆಸೆಗೆ ಜನ ಗುಳೆ ಬಂದಿದ್ದ ಗಡಿಸೀಮೆ ಅದು. ವಲಸೆ ಬಂದವರು ಹತ್ತು ಸಾವಿರವೂ ಇಲ್ಲ. ಅವರಲ್ಲೂ ಒಬ್ಬ ಹೆಂಗಸಿಗೆ ಆರು ಗಂಡಸರ ಲೆಕ್ಕ! ಅಲ್ಲಿನ ಶಾಸನಸಭೆಯಲ್ಲಿ ಹೆಂಗಸರಿಗೆ ಓಟು ಕೊಡುವ ಮಸೂದೆ ತಂದವರು ವಿಲಿಯಂ ಬ್ರೈಟ್ ಎಂಬ ಸಾರಾಯಿ ಅಂಗಡಿಯ ಮಾಲೀಕರು. ನಮ್ಮ ಸೀಮೆಗೆ ಹೆಸರು ಬರಲಿ, ಹೆಂಗಸರು ಬಂದು ನೆಲೆಸಲಿ ಎಂದು ಕೆಲವರು ಕೈಯೆತ್ತಿದರು. ಕೆಲವರಿಗೆ ಅದೊಂದು ತಮಾಷೆ. ನ್ಯಾಯವೆಂದು ನಂಬಿದವರೂ ಇದ್ದರು. 1869ರ ಡಿಸೆಂಬರ್ 10ರಂದು ಗವರ್ನರ್ ಜಾನ್ ಕ್ಯಾಂಪ್‌ಬೆಲ್ ಸಹಿ ಹಾಕಿದರು. 21 ತುಂಬಿದ ಹೆಂಗಸರಿಗೆ ಓಟೂ ಸಿಕ್ಕಿತು, ಅಧಿಕಾರಕ್ಕೆ ಬರುವ ಹಕ್ಕೂ ಸಿಕ್ಕಿತು. ಮರುವರ್ಷವೇ ಎಸ್ತರ್ ಮಾರಿಸ್ ಎಂಬ ಗೃಹಿಣಿ ಸೌತ್ ಪಾಸ್ ಸಿಟಿಯಲ್ಲಿ ನ್ಯಾಯ ಹೇಳಲು ಕೂತರು. ಆದರೆ ಆ ನೆಲದ ಮೂಲನಿವಾಸಿ ಹೆಂಗಸರನ್ನು ಪ್ರಜೆಗಳೆಂದೇ ಎಣಿಸಲಿಲ್ಲ ಎಂಬುದನ್ನೂ ಮರೆಯಬಾರದು.

1870ರ ಸೆಪ್ಟೆಂಬರ್ 6. ಲಾರಮಿ ಎಂಬ ಊರಿನಲ್ಲಿ ಸುಮಾರು 70ರ ಅಜ್ಜಿ ಲೂಯಿಸಾ ಸ್ವೇನ್ ಬೆಳಿಗ್ಗೆಯೇ ಹೊರಟರು. ಉಟ್ಟ ಬಟ್ಟೆಯ ಮೇಲೆ ಮಡಿಸಿಟ್ಟ ಶುಭ್ರ ಏಪ್ರನ್, ಕೈಯಲ್ಲಿ ಪುಟ್ಟ ತಗಡಿನ ಪಾತ್ರೆ. ಯಾಕೆ ಗೊತ್ತೇ? ಬರುವಾಗ ಬೇಕರಿಯಿಂದ ರೊಟ್ಟಿ ಹಿಟ್ಟಿಗೆ ಈಸ್ಟ್ ತರಬೇಕಿತ್ತು! ನಾವು ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ. ಆ ಊರಿನಲ್ಲಿ ಮೊದಲು ಓಟು ಹಾಕಿದ ಹೆಂಗಸು ಆ ಅಜ್ಜಿಯೇ.

ಅಷ್ಟಕ್ಕೆ ಕಥೆ ಮುಗಿಯಲಿಲ್ಲ. ಹೆಂಗಸರ ಓಟು ತಮಗೆ ಬೀಳಲಿಲ್ಲವೆಂದು ಸಿಟ್ಟಾದವರು 1871ರಲ್ಲಿ ಆ ಕಾನೂನನ್ನೇ ರದ್ದು ಮಾಡಲು ಹೊರಟರು. ಎರಡು ಸದನಗಳೂ ಒಪ್ಪಿಬಿಟ್ಟವು! ಗವರ್ನರ್ ಮಾತ್ರ ಒಪ್ಪದೆ ವಾಪಸು ಕಳಿಸಿದರು. ಅವರ ಮಾತು ಮೀರಲು ಮೂರರಲ್ಲಿ ಎರಡು ಪಾಲು ಓಟು ಬೇಕು. ಕೆಳಮನೆಯಲ್ಲಿ ಸಿಕ್ಕಿತು. ಒಂಬತ್ತು ಜನರ ಮೇಲ್ಮನೆಯಲ್ಲಿ ಐದು ಬಂತು, ಆರು ಬೇಕಿತ್ತು. ಒಂದೇ ಒಂದು ಓಟು ಸಾಲದೆ ಹಕ್ಕು ಉಳಿಯಿತು!

ಪಕ್ಕದ ಯೂಟಾದಲ್ಲಿ ಹಾಗಾಗಲಿಲ್ಲ. ಅಲ್ಲಿ 1870ರಲ್ಲಿ ಕೊಟ್ಟದ್ದನ್ನು 1887ರಲ್ಲಿ ದಿಲ್ಲಿಯಂಥ ದೂರದ ರಾಜಧಾನಿ ವಾಷಿಂಗ್ಟನ್ನಿನ ಸಂಸತ್ತು ಕಿತ್ತುಕೊಂಡಿತು. ಮತ್ತೆ ಸಿಗಲು ಒಂಬತ್ತು ವರ್ಷ ಕಾಯಬೇಕಾಯಿತು. ವಯೋಮಿಂಗ್ ಮಾತ್ರ 1890ರಲ್ಲಿ ರಾಜ್ಯವಾದಾಗಲೂ ಹೆಂಗಸರ ಓಟನ್ನು ಬಿಟ್ಟುಕೊಡಲಿಲ್ಲ. ಇಡೀ ಅಮೆರಿಕ ಆ ದಾರಿಗೆ ಬಂದದ್ದು 1920ರಲ್ಲಿ.

ನೋಡಿದಿರಾ ಅಕ್ಕಂದಿರೇ, ಕೈಗೆ ಬಂದ ಹಕ್ಕೂ ಜಾರಿಹೋಗಬಹುದು. ಒಂದೇ ಓಟು ಅದನ್ನು ಉಳಿಸಲೂಬಹುದು. ಮುಂದಿನ ಚುನಾವಣೆಯ ದಿನ ಸಾರಿಗೆ ಒಗ್ಗರಣೆ ಸ್ವಲ್ಪ ತಡವಾದರೂ ಚಿಂತೆಯಿಲ್ಲ. ತರಕಾರಿ ಚೀಲ ಕೈಯಲ್ಲೇ ಇರಲಿ, ಆ ಅಜ್ಜಿಯ ಹಾಗೆ. ಮೊದಲು ಓಟು, ಆಮೇಲೆ ಸಂತೆ. ಏನಂತೀರಿ?